ಒಂದನೇ ಉಲ್ಲೇಖ

"ಇದ್ಯಾರು, ಒಂದನೇ ನಂಬರಲ್ಲಿ?"

ಪ್ರೊಫೆಸರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಲ್ಯಾಪ್‌ಟಾಪಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಅವರ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾರು ಅಂತ ಗೊತ್ತಾಗ್ಲಿಲ್ವಾ?"

ಗೊತ್ತಾಗದೆ ಏನು? ಅವರ ಮದುವೆಯ ಕರೆಯೋಲೆಯಲ್ಲಿ ಅವರ ಹೆಸರಿನ ಪಕ್ಕದಲ್ಲೇ ಅಚ್ಚಾಗಿದ್ದ ಹೆಸರು ಅದು. ಈಗ ತವರಿನ ಇನಿಷಿಯಲ್ಲುಗಳ ಸಮೇತ ಬಂದು ಅವರ ಹೊಸ ಲೇಖನದ ಉಲ್ಲೇಖಪಟ್ಟಿಯ ನೆತ್ತಿಯ ಮೇಲೆ ಕೂತಿತ್ತು. ಲೇಖನದೊಳಗೂ ಅದರದೇ ನಂಬರು: ಪೀಠಿಕೆಯ ಮೊದಲ ವಾಕ್ಯದ ಕೊನೆಯಲ್ಲಿ ಕಂಸದೊಳಗೆ ಒಂದು. ಮುಂದಿನ ಪ್ಯಾರಾದಲ್ಲಿ ಒಂದು. ಫಲಿತಾಂಶದ ಭಾಗದಲ್ಲಂತೂ ಹೆಜ್ಜೆಹೆಜ್ಜೆಗೂ ಒಂದು.

ಪ್ರೊಫೆಸರು ಎರೆಹುಳುವಿನ ಪಂಡಿತರು. ಮೇಲಿನ ಮಣ್ಣು ಒಣಗುವ ಮೊದಲೇ ಎರೆಹುಳುಗಳು ಆಳಕ್ಕೆ ಇಳಿಯತೊಡಗುತ್ತವೆ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡುಬಿಟ್ಟಿತ್ತು. ಅದನ್ನು ಕಂಡುಹಿಡಿದವಳು ಮಾತ್ರ ಈ ಬಟ್ಟೆ ಮಡಚುತ್ತಿದ್ದವಳು. ಮದುವೆಗೆ ಮುಂಚೆ, ಸಂಶೋಧನೆ ಮಾಡುತ್ತಿದ್ದಾಗ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಗುಂಡಿಯಲ್ಲಿ ಇಳಿದು ಕೂತು ನೋಡಿದ್ದಳು. ಯಾರೂ ಓದದ ಸಣ್ಣ ಪತ್ರಿಕೆಯೊಂದರಲ್ಲಿ ಲೇಖನವನ್ನೂ ಬರೆದಿದ್ದಳು. ಆಮೇಲೆ ಮದುವೆ, ಮಗಳು, ಅರ್ಧಕ್ಕೆ ನಿಂತ ಪಿಎಚ್‌ಡಿ. ಪ್ರೊಫೆಸರು ತಮ್ಮ ಮೊದಲ ದೊಡ್ಡ ಲೇಖನದಲ್ಲಿ ಅವಳ ಮಾತನ್ನು ಎತ್ತಿಕೊಂಡರು, ಹೆಸರನ್ನು ಬಿಟ್ಟರು. ಎರಡನೆಯದರಲ್ಲಿ ತಮ್ಮ ಮೊದಲನೆಯದನ್ನು ಉಲ್ಲೇಖಿಸಿದರು, ಮೂರನೆಯದರಲ್ಲಿ ಎರಡನ್ನೂ. ಹೀಗೆ ಹೋಗ್ತಾ ಹೋಗ್ತಾ ಎಲ್ಲರ ಕಣ್ಣಿಗೂ ಅದು ಅವರದ್ದೇ ಆಯಿತು. ಆ ಒಂದೊಂದು ಲೇಖನದ ಪಟ್ಟಿಯನ್ನೂ ಆಯಾ ಪತ್ರಿಕೆ ಕೇಳಿದ ರೀತಿಗೆ ತಿದ್ದಿ, ಕಾಮಾ ಚುಕ್ಕಿ ಇಟ್ಟು ಕೊಟ್ಟವಳು ಅವಳೇ. ಸಂಸಾರದಲ್ಲಿ ಇದೆಲ್ಲ ಇದ್ದದ್ದೇ ಎಂದು ನುಂಗಿಕೊಂಡಿದ್ದಳು.

ಈಚೆಗೆ ಒಂದು ಭಾನುವಾರ ಪ್ರೊಫೆಸರ ವಿದ್ಯಾರ್ಥಿಗಳು ಚಹಾಕ್ಕೆ ಬಂದಿದ್ದರು. ಅವರಲ್ಲೊಬ್ಬಳು ಬಿಸ್ಕತ್ತಿನ ತಟ್ಟೆ ತೆಗೆದುಕೊಳ್ಳುತ್ತ, "ಮೇಡಂ, ನೀವೂ ಸರ್ ಜೊತೆ ಫೀಲ್ಡಿಗೆ ಹೋಗಿದ್ದೀರಾ?" ಎಂದು ಕೇಳಿದಳು. ಹೆಂಡತಿ ಬಾಯಿ ತೆರೆಯುವ ಮೊದಲೇ ಪ್ರೊಫೆಸರು ಅಂದರು: "ಇವಳಾ? ಎರೆಹುಳ ಕಂಡ್ರೆ ಮಂಚ ಹತ್ತಿ ನಿಲ್ತಾಳೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರೊಫೆಸರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ಅವಳು ಅಡುಗೆಮನೆಗೆ ಹೋಗಿ ಖಾಲಿ ಸಿಂಕಿಗೆ ನಲ್ಲಿ ಬಿಟ್ಟು ನಿಂತಳು. ಕದ್ದದ್ದು ಹೋಗಲಿ, ಮೂದಲಿಸೋದು ಬೇರೆ! ಇರಲಿ, ಮಾಡ್ತೀನಿ ಇವರಿಗೆ, ಅಂದುಕೊಂಡಳು. ಅಂದುಕೊಂಡ ಮೇಲೆ ಸ್ವಲ್ಪ ಹಾಯೆನಿಸಿತು. ಹೊರಗೆ ಬಂದು ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಕೊಟ್ಟಳು.

ಈಗ ಆ ದಿನ ಬಂದಿತ್ತು. ಹೆಸರಾಂತ ಪತ್ರಿಕೆಯೊಂದರ ವಿಶೇಷ ಸಂಚಿಕೆಗೆ ಲೇಖನ ಕಳಿಸಲು ಇವತ್ತು ಸಂಜೆಯೇ ಕೊನೆ. ವಿಭಾಗದ ಮುಖ್ಯಸ್ಥರ ಕುರ್ಚಿಗೆ ಹತ್ತಲು ಪ್ರೊಫೆಸರಿಗೆ ಇದೊಂದು ಮೆಟ್ಟಿಲು ಬೇಕಿತ್ತು. ಗಡುವು ಮುಂದೂಡಿ ಎಂದು ಸಂಪಾದಕರನ್ನು ಆಗಲೇ ಗೋಗರೆದಾಗಿತ್ತು, ಮತ್ತೆ ಕೇಳಲು ಮುಖವಿರಲಿಲ್ಲ.

"ತೆಗಿ ಅದನ್ನ," ಅಂದರು.

"ತೆಗೀರಿ. ನಿಮ್ಮ ಮುಂದೇನೇ ಇದೆಯಲ್ಲ."

ಪ್ರೊಫೆಸರು ರೋಷದಿಂದ ಒಂದನೆಯದನ್ನು ಅಳಿಸಿದರು. ಪಟ್ಟಿ ಎರಡರಿಂದ ಶುರುವಾಯಿತು. ಎರಡನ್ನು ಒಂದು ಮಾಡಿದರು. ಆಗ ಮೂರು ಎರಡಾಗಬೇಕಾಯಿತು, ನಾಲ್ಕು ಮೂರಾಗಬೇಕಾಯಿತು. ಪಟ್ಟಿಯ ಕೊನೆವರೆಗೂ ಅದೇ ಕಥೆ. ಲೇಖನದೊಳಗೆ ಎಲ್ಲೆಲ್ಲಿ ಕಂಸವಿದೆಯೋ ಅಲ್ಲೆಲ್ಲ ಮತ್ತೆ ಅದೇ ತಿದ್ದಾಟ. ಈ ಕೆಲಸಕ್ಕೆಂದೇ ಸಾಫ್ಟ್‌ವೇರ್ ಇದೆ. ಆದರೆ ಅದು ಒಮ್ಮೆ ಪ್ರೊಫೆಸರ ಹೆಸರನ್ನೇ ಹಿಂದುಮುಂದು ಮಾಡಿಟ್ಟಿತ್ತು. ಅಂದಿನಿಂದ ಅವರು ಅದನ್ನು ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಎಲ್ಲ ಕೈಯಲ್ಲೇ ಆಗಬೇಕು ಎಂದು ಅಪ್ಪಣೆ ಮಾಡಿದ್ದರು. ಮಾಡುವ ಕೈ ತಮ್ಮದಲ್ಲವಲ್ಲ, ಅಪ್ಪಣೆಗೇನು.

ಸ್ವಲ್ಪ ಹೊತ್ತಿಗೇ ನಂಬರುಗಳು ತಪ್ಪಿ, ಗೆದ್ದಲಿನ ಕುರಿತ ಪುಸ್ತಕವೊಂದು ಎರೆಹುಳುವಿನ ಉಸಿರಾಟಕ್ಕೆ ಸಾಕ್ಷಿ ಹೇಳತೊಡಗಿತು. ಪ್ರೊಫೆಸರು ಬೆವೆತು, ಮಾಡಿದ್ದನ್ನೆಲ್ಲ ವಾಪಸು ತೆಗೆದುಕೊಂಡರು. ಒಂದನೆಯದು ಮರಳಿ ಬಂದು ತನ್ನ ಜಾಗದಲ್ಲಿ ಕೂತಿತು.

"ಏನೋ ಅದು, ಆಗ್ಲಿಂದ ಬುಸುಗುಡ್ತಾ ಇದೀಯ?" ಪಕ್ಕದ ಕೋಣೆಯಲ್ಲಿ ಮಲಗಿದ್ದ ಅವರ ತಾಯಿ ಕೇಳಿದರು.

"ಏನಿಲ್ಲಮ್ಮ, ನೀನು ಮಲಕ್ಕೋ." ದನಿ ತಗ್ಗಿಸಿ ಹೆಂಡತಿಗೆ ಅಂದರು: "ಆ ಜಾಗದಲ್ಲಿ ನನ್ನ ಹಳೇ ಲೇಖನ ಹಾಕ್ತೀನಿ. ನಂಬರು ಬದಲಾಯಿಸೋದೇ ಬೇಡ."

"ಅದು ಕೆಳಗೆ ಆಗ್ಲೇ ಇದೆ. ಒಂದೇ ಲೇಖನ ಎರಡು ನಂಬರಲ್ಲಿ ಬಂದ್ರೆ ಬಾಗಿಲಿಂದಾನೇ ವಾಪಸ್ ಕಳಿಸ್ತಾರೆ. ಅವರ ನಿಯಮದಲ್ಲಿ ಬರ್ದಿದಾರೆ, ಓದಿ."

"ಹಾಗಾದ್ರೆ ಬೇರೆ ಯಾರದ್ದಾದ್ರೂ..."

"ಹಾಕಿ." ಅವಳು ಮೊದಲ ಸಲ ತಲೆ ಎತ್ತಿದಳು. "ಇದನ್ನ ನನಗಿಂತ ಮುಂಚೆ ಹೇಳಿದೋರು ಯಾರಾದ್ರೂ ಇದ್ರೆ ಅವರ ಹೆಸರು ಹಾಕಿ. ಹೇಳಿ, ನಾನೇ ಟೈಪ್ ಮಾಡ್ತೀನಿ."

ಪ್ರೊಫೆಸರು ಛಾವಣಿ ನೋಡಿದರು. ಓದಿದ್ದನ್ನೆಲ್ಲ ಮನಸ್ಸಿನಲ್ಲೇ ತಡಕಿದರು. ಎರೆಹುಳುವಿನ ಬಗ್ಗೆ ಜಗತ್ತಿನಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ಈ ಒಂದು ಮಾತನ್ನು ಮಾತ್ರ ಅವಳಿಗಿಂತ ಮೊದಲು ಯಾರೂ ಆಡಿರಲಿಲ್ಲ. ಅದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ನೋಡೇ," ದನಿಯಲ್ಲಿ ಬೆಣ್ಣೆ ಬಂತು. "ಕೊನೇಲಿ ಕೃತಜ್ಞತೆ ಅಂತ ಇರುತ್ತಲ್ಲ, ಅಲ್ಲಿ ನಿನ್ನ ಹೆಸರು ಹಾಕ್ತೀನಿ. ಇಡೀ ಒಂದು ಪ್ಯಾರಾ ಬರೀತೀನಿ."

"ನಿಮ್ಮ ಕೃತಜ್ಞತೆ ನನಗ್ಯಾಕೆ?"

"ಜನ ಏನಂತಾರೆ? ಇಷ್ಟು ವರ್ಷ ಇವನು ಹೆಂಡತೀದು ಇಟ್ಕೊಂಡು..." ಆಮೇಲೆ ಸಿಟ್ಟು ಬಂತು. "ಹೊಟ್ಟೆಕಿಚ್ಚು ನಿನಗೆ!"

"ಹೌದು ರೀ, ಹೊಟ್ಟೆಕಿಚ್ಚೇ. ಸೇಡು ಅಂತಾನೂ ಅಂದ್ಕೊಳ್ಳಿ. ಎಷ್ಟು ಖುಷಿ ಆಗ್ತಿದೆ ಗೊತ್ತಾ ನನಗೆ?" ಟವೆಲನ್ನು ಮಡಚಿ, ಅಂಗೈಯಿಂದ ಒತ್ತಿ, ಮಿಕ್ಕವುಗಳ ಮೇಲಿಟ್ಟಳು. "ಸುಳ್ಳು ಒಂದಕ್ಷರ ಸೇರಿಸಿಲ್ಲ ನಾನು. ಕಳಿಸಿದ್ರೆ ಕಳಿಸಿ, ಬಿಟ್ರೆ ಬಿಡಿ."

ಕಿಟಕಿಯ ಬಿಸಿಲು ಗೋಡೆ ಹತ್ತುತ್ತಿತ್ತು. ಪ್ರೊಫೆಸರು ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದರು, ನೀರು ಕುಡಿದರು, ಯಾರಿಗೋ ಫೋನು ಮಾಡಲು ಹೋಗಿ ಇಟ್ಟುಬಿಟ್ಟರು. ಕೊನೆಗೆ ಕುರ್ಚಿಯಲ್ಲಿ ಕುಕ್ಕರಿಸಿದರು.

"ಸರಿ. ಕಳಿಸೋಣ."

"ಹಾಗೇ ಹೇಗೆ ಕಳಿಸ್ತೀರಿ? ತಾಳೆ ನೋಡಬೇಡ್ವಾ?"

ಕಳಿಸುವ ಮೊದಲು ಪಟ್ಟಿಯನ್ನು ತಾಳೆ ನೋಡುವುದಕ್ಕೆ ಇಬ್ಬರು ಬೇಕು. ಒಬ್ಬರು ಹೆಸರು, ಇಸವಿ, ಕಾಮಾ, ಚುಕ್ಕಿ ಒಂದನ್ನೂ ಬಿಡದೆ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಿನ ಪ್ರತಿಯ ಮೇಲೆ ಗುರುತು ಹಾಕುತ್ತ ಹೋಗಬೇಕು. ಈ ಮನೆಯಲ್ಲಿ ಇಷ್ಟು ವರ್ಷ ಎರಡನ್ನೂ ಅವಳೊಬ್ಬಳೇ ಮಾಡಿದ್ದಳು. ಇವತ್ತು ಪೆನ್ಸಿಲ್ಲು ಹಿಡಿದು ಅವರ ಎದುರಿಗೆ ಬಂದು ಕೂತಳು.

"ನೀವು ಓದಿ."

ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. ಓದಿದರು. ಮದುವೆಯಾದ ಮೇಲೆ ಅವಳನ್ನು "ಏನೇ", "ನೋಡೇ" ಎಂದಲ್ಲದೆ ಕರೆದಿರದ ಬಾಯಲ್ಲಿ ಆ ಹೆಸರು ಎಲ್ಲೋ ಸಿಕ್ಕಿಕೊಂಡು, ಎಡವಿ, ಹೊರಗೆ ಬಂತು.

"ಯಾರ ಹೆಸರೋ ಅದು?" ಒಳಗಿನಿಂದ ತಾಯಿಯ ದನಿ. "ನಮ್ಮ ಸೊಸೇದು ಇದ್ದಂಗಿದೆ?"

"ಹೂಂ ಅಮ್ಮ."

"ಅವಳದ್ಯಾಕೋ ಅಲ್ಲಿ?"

ಪ್ರೊಫೆಸರು ಹೆಂಡತಿಯ ಕಡೆ ನೋಡಿದರು. ಅವಳು ಕಾಗದ ನೋಡುತ್ತಿದ್ದಳು.

"ಮೊದಲು ಕಂಡುಹಿಡಿದಿದ್ದು ಅವಳೇ ಅಮ್ಮ," ಅಂದರು, ಮೇಜಿಗೆ ಹೇಳುವಂತೆ.

ಒಳಗೆ ಮಂಚ ಕಿರುಗುಟ್ಟಿತು. ಮುದುಕಿ ಎದ್ದು ಕೂತಿರಬೇಕು.

"ಅತ್ತೆಗೆ ಕೇಳಿಸಿಲ್ಲ ಅನ್ಸುತ್ತೆ," ಅಂದಳು ಅವಳು. "ಇನಿಷಿಯಲ್ ಆದ್ಮೇಲೆ ಚುಕ್ಕೀನೂ ಓದ್ಲಿಲ್ಲ ನೀವು. ಮೊದಲಿಂದ ಓದಿ. ಗಟ್ಟಿಯಾಗಿ."

ಪೆನ್ಸಿಲ್ಲಿನ ಮೊನೆ ಒಂದನೇ ಸಾಲಿನ ಪಕ್ಕದಲ್ಲಿ, ಇನ್ನೂ ಗುರುತು ಹಾಕದೆ, ಕಾದು ನಿಂತಿತ್ತು.