ಕಾಲಿಡುವುದಕ್ಕೊಂದು ಶುಲ್ಕ

ಪ್ಯೋ ಮಿಸುನ್ ಕೊರಿಯಾದ ಗುನ್ಸಾನ್ ಪಟ್ಟಣದ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು, ಜೀವ ಮಾತ್ರ ಮಗಳ ಹೈಸ್ಕೂಲಿನಲ್ಲಿತ್ತು. ಆವತ್ತೇ ದಾಸೋಮ್‌ಳ ಬೀಳ್ಕೊಡುಗೆ. ಉಳಿದ ಅಮ್ಮಂದಿರೆಲ್ಲ ಹೂಗುಚ್ಛ ಹಿಡಿದು ಫೋಟೋಗೆ ನಿಂತಿರುವ ಹೊತ್ತಿನಲ್ಲಿ ಇವಳು ಮಗಳು ಸೇರಬೇಕಿದ್ದ ಕಾಲೇಜಿನ ಮೇಲೆ ಕೇಸು ಹಾಕಿ ಇಲ್ಲಿ ಕಾಯುತ್ತಿದ್ದಳು.

ಕಾಲೇಜಿನದು ಸುಲಿಗೆಯಲ್ಲದೆ ಮತ್ತೇನೂ ಅಲ್ಲ. ಪಾಠ ಹೇಳುವ ಫೀಸಿಗೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತ್ತು. ಅದರ ಮೇಲೆ ಪ್ರವೇಶ ಶುಲ್ಕವೆಂದು ಹತ್ತು ಲಕ್ಷ ವೊನ್ ಕಟ್ಟಬೇಕಂತೆ, ಅದೂ ಇವತ್ತು ಸಂಜೆಯೊಳಗೆ. ಇಲ್ಲದಿದ್ದರೆ ಸೀಟು ಬೇರೆಯವರ ಪಾಲು. ಗಂಡ ತೀರಿಕೊಂಡ ಮೇಲೆ ಸಂತೆಯಲ್ಲಿ ಕಿಮ್ಚಿ ಉಪ್ಪಿನಕಾಯಿ, ಉಪ್ಪುಮೀನು ಮಾರಿ ಬದುಕುವವಳು ಎಲ್ಲಿಂದ ತಂದಾಳು? ವಕೀಲರನ್ನು ಹಿಡಿಯಲೂ ಗತಿಯಿಲ್ಲ. ಪೋಷಕರ ಸಂಘದವರು ಬರೆದುಕೊಟ್ಟ ಅರ್ಜಿಗೆ ಸಹಿಯ ಬದಲು ತಾನೇ ಮುದ್ರೆ ಒತ್ತಿದ್ದಳು. ಮಗಳು ಇನ್ನೂ ಅಪ್ರಾಪ್ತೆ, ಹಾಗಾಗಿ ಅವಳ ಪರವಾಗಿ ನಿಲ್ಲಬೇಕಾದವಳು ತಾಯಿಯೇ.

"ಸಿಕ್ರೆ ಸಿಗ್ಲಿ, ಬಿಟ್ರೆ ಬಿಡ್ಲಿ. ನಂಗೇನ್ ಕಾಲೇಜ್ ಹುಚ್ಚಿಲ್ಲಮ್ಮ. ಅಂಗಡೀಲಿ ಮೂಲಂಗಿ ಹೆಚ್ಕೊಂಡಿರ್ತೀನಿ," ಎಂದಿದ್ದಳು ದಾಸೋಮ್ ಬೆಳಿಗ್ಗೆ, ತಲೆ ಬಾಚಿಕೊಳ್ಳುತ್ತ. ಮಿಸುನ್‌ಗೆ ಆ ಮಾತು ಚುಚ್ಚಿತ್ತು. ಹಾಗಾದರೆ ಈ ಒದ್ದಾಟವೆಲ್ಲ ಯಾರಿಗೋಸ್ಕರ?

"ಪ್ಯೋ ಮಿಸುನ್!" ಗುಮಾಸ್ತ ಕೂಗಿದ.

ಯಾರೂ ಏಳಲಿಲ್ಲ.

ಜೊತೆಗೆ ಬಂದಿದ್ದ ಪಕ್ಕದಂಗಡಿಯ ಹಾನ್ಸೊಲ್ ಅಮ್ಮ ಇವಳ ಕಿವಿಗೆ ಬಾಗಿದಳು. "ಯಾರೇ ಅದು? ಕೋರ್ಟಿಗೆ ಬರೋ ದಿನಾನೂ ನಿದ್ದೆ ಹೊಡೀತಾರಲ್ಲ!"

"ಕೆಲವ್ರ ಹಣೇಬರಹಾನೇ ಅಷ್ಟು," ಎಂದು ಮಿಸುನ್ ತುಟಿ ಸೊಟ್ಟ ಮಾಡಿದಳು.

"ಪ್ಯೋ ಮಿಸುನ್ ಅವರು ಬಂದಿದ್ದಾರಾ?"

ಮಿಸುನ್ ಬಾಗಿಲ ಕಡೆ ನೋಡಿದಳು. ಪಾಪ, ಯಾರ ಮನೆ ಮುಳುಗುತ್ತಿದೆಯೋ ಎಂದು ಕನಿಕರವೂ ಆಯಿತು. ದಾಸೋಮ್ ಹುಟ್ಟಿದಾಗಿನಿಂದ ಸಂತೆಯಲ್ಲಿ, ಶಾಲೆಯಲ್ಲಿ, ಅತ್ತೆಯ ಬಾಯಲ್ಲಿ, ಕಡೆಗೆ ಗಂಡನ ಬಾಯಲ್ಲೂ ಅವಳು ದಾಸೋಮ್ ಅಮ್ಮ. ಸ್ವಂತ ಹೆಸರು ಕಿವಿಗೆ ಬಿದ್ದು ಯಾವ ಕಾಲವಾಯಿತೋ! ಹಾನ್ಸೊಲ್ ಎನ್ನುವುದೂ ಮಗುವಿನ ಹೆಸರೇ; ಆ ಅಮ್ಮನ ಸ್ವಂತ ಹೆಸರೇನೆಂದು ಇವಳಿಗೂ ಗೊತ್ತಿಲ್ಲ, ಆ ಮಾತು ಬೇರೆ.

ಕಾಲೇಜಿನ ವಕೀಲ ಖುಷಿಯಿಂದ ಎದ್ದ. "ಅರ್ಜಿ ಹಾಕ್ದೋರೇ ಬಂದಿಲ್ಲ ಮೇಡಂ. ವಜಾ ಮಾಡ್ಬಿಡಿ."

"ಅವಸರ ಬೇಡ. ಇನ್ನೊಂದ್ಸಲ ಕೂಗಿ," ಎಂದರು ನ್ಯಾಯಾಧೀಶೆ.

"ದಾಸೋಮ್ ಪರವಾಗಿ, ತಾಯಿ ಪ್ಯೋ ಮಿಸುನ್!"

ಮಗಳ ಹೆಸರು ಕಿವಿಗೆ ಬಿದ್ದದ್ದೇ ತಡ, ಮಿಸುನ್ ದಡಕ್ಕನೆ ಎದ್ದಳು. "ನಾನೇ! ದಾಸೋಮ್ ಅಮ್ಮ ನಾನೇ! ಅಯ್ಯೋ, ಆ ಹೆಸರೂ ನಂದೇ ಕಣ್ರೀ!"

ಇಡೀ ಕೋಣೆ ಗೊಳ್ಳೆಂದಿತು. ಮಿಸುನ್ ಹಣೆ ಚಚ್ಚಿಕೊಂಡಳು. ಇನ್ನೊಂದು ಕ್ಷಣ ಕಳೆದಿದ್ದರೆ ಮಗಳ ಓದಿಗೆ ತಾನೇ ಕಲ್ಲು ಹಾಕುತ್ತಿದ್ದಳು.

"ನಗ್ಬೇಡಿ," ಎಂದರು ನ್ಯಾಯಾಧೀಶೆ. "ನಮ್ ಅಪಾರ್ಟ್‌ಮೆಂಟಲ್ಲಿ ನನ್ ಹೆಸರೂ ಯಾರ್ಗೂ ಗೊತ್ತಿಲ್ಲ. ಬನ್ನಿ ಮುಂದೆ." ಆಮೇಲೆ ವಕೀಲನ ಕಡೆ ತಿರುಗಿದರು. "ಈ ದುಡ್ಡು ಯಾವುದಕ್ಕೆ ಖರ್ಚಾಗತ್ತೆ?"

"ಪ್ರವೇಶದ ವೆಚ್ಚಕ್ಕೆ ಮೇಡಂ."

"ಅಂದ್ರೆ?"

"ಸ್ವಾಗತ ಸಮಾರಂಭ... ಗುರುತಿನ ಚೀಟಿ... ಮೊದ್ಲಿಂದ್ಲೂ ತಗೊಳ್ತಾ ಬಂದಿದೀವಿ."

"ಗುರುತಿನ ಚೀಟಿ ಏನು, ಚಿನ್ನದ್ದಾ?"

ವಕೀಲ ಕಾಗದ ತಿರುವಿಹಾಕಿದ.

ಸ್ವಲ್ಪ ಬಿಡುವಿನ ನಂತರ ಆದೇಶ ಬಂತು: ಮೊಕದ್ದಮೆ ಮುಗಿಯುವವರೆಗೆ ಕಾಲೇಜು ಈ ಶುಲ್ಕ ಕೇಳಕೂಡದು, ಹುಡುಗಿಯ ಸೀಟು ರದ್ದು ಮಾಡಕೂಡದು. ಅದನ್ನು ಮಿಸುನ್ ಗುಮಾಸ್ತನ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಂಡಳು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಹಸಿವು ಕೂಡ ಆಯಿತು.

ಹೊರಗೆ ಮೆಟ್ಟಿಲ ಮೇಲೆ ನಿಂತು ಮಗಳಿಗೆ ಫೋನು ಹಚ್ಚಿದಳು.

"ಗೆದ್ವಿ ಕಣೆ. ಸೀಟು ನಿಂದೇ."

ಆ ಕಡೆಯಿಂದ ಗೆಳತಿಯರ ಗಲಾಟೆ ಬಿಟ್ಟರೆ ಬೇರೆ ಸದ್ದಿಲ್ಲ.

"ಯಾಕೆ, ಬೇಡ್ವಾ? ಮೂಲಂಗಿ ಹೆಚ್ತೀಯಾ?"

ಆಗ ದಾಸೋಮ್ ಬಿಕ್ಕಿದಳು. ಆಮೇಲೆ ತಡೆಯಲಾರದೆ, ಚಿಕ್ಕ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು. "ಸುಳ್ಳು ಹೇಳ್ದೆ ಅಮ್ಮ... ನಿಂಗ್ಯಾಕೆ ಕಷ್ಟ ಅಂತ... ನಂಗೆ ಓದ್ಬೇಕಮ್ಮ, ತುಂಬಾ ಓದ್ಬೇಕು."

ಹಾನ್ಸೊಲ್ ಅಮ್ಮ ಗಾಬರಿಯಿಂದ ಇವಳ ತೋಳು ಜಗ್ಗಿದಳು. "ಏನಂತೆ? ಯಾಕೆ ಅಳ್ತಿದಾಳೆ ಮಗು?"

"ಓದ್ತಾಳಂತೆ," ಎಂದಳು ಮಿಸುನ್. ಅಷ್ಟು ಹೇಳುವಷ್ಟರಲ್ಲಿ ಅವಳಿಗೂ ಅಳು ಬಂತು.