ರಟ್ಟಿನ ಡಬ್ಬದ ಪಾಠ

ನಮ್ಮ ವಿಭಾಗದಲ್ಲಿ ಎಲ್ಲರೂ ಅವನನ್ನು ನಾಟಕದ ಮೇಷ್ಟ್ರು ಎನ್ನುತ್ತಿದ್ದರು. ಕಲಿಸುತ್ತಿದ್ದದ್ದು ಸಿಬ್ಬಂದಿ ನಿರ್ವಹಣೆ. ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳಿ, ಇತ್ತು. ನನ್ನ ಪಾಠಕ್ಕೆ ಆಕಳಿಸುವ ಅದೇ ಹುಡುಗರು ಅವನ ತರಗತಿಯಲ್ಲಿ ಜಾಗ ಹಿಡಿಯಲು ಎದ್ದೂ ಬಿದ್ದೂ ಓಡುತ್ತಿದ್ದರು.

"ಓದಿದ್ದು ಮರ್ತುಹೋಗುತ್ತೆ ಮೇಡಂ, ಅನುಭವಿಸಿದ್ದು ಮರೆಯಲ್ಲ" ಎಂದು ನನಗೇ ಉಪದೇಶ ಬೇರೆ.

ಕೆಲಸದಿಂದ ತೆಗೆಯುವುದು ಅವನ ಹೆಸರಾಂತ ಪಾಠ. ಇದ್ದಕ್ಕಿದ್ದಂತೆ ಒಬ್ಬ ವಿದ್ಯಾರ್ಥಿಯ ಕೊರಳಿನ ಐಡಿ ಕಾರ್ಡ್ ಕಿತ್ತುಕೊಂಡು, ಮುಂದೆ ರಟ್ಟಿನ ಡಬ್ಬ ಇಡುತ್ತಿದ್ದ. ಆ ಪ್ರಾಣಿ ತನ್ನ ಸಾಮಾನು ತುಂಬಿಕೊಂಡು ಹೊರಗೆ ಹೋಗಬೇಕು. ಉಳಿದವರು ಅದರ ಮುಖ, ಕೈ ನೋಡಿ ಬರೆದುಕೊಳ್ಳಬೇಕು. ಆಮೇಲೆ ಒಳಗೆ ಕರೆದು ಚಪ್ಪಾಳೆ.

"ಅಳಲಿ, ಕಾಲಿಗೆ ಬೀಳಲಿ, ಇದು ನಾಟಕ ಅಲ್ಲ ಅಂತ ಆಣೆ ಹಾಕಲಿ, ನಂಬಬೇಡಿ. ಅಯ್ಯೋ ಅಂದೋರಿಗೆ ಸೊನ್ನೆ." ಇದು ಅವನ ನಿಯಮ.

ಹೋದ ವರ್ಷ ನನ್ನನ್ನು ಅತಿಥಿಯೆಂದು ಕರೆದು ನನ್ನ ಮುಂದೆಯೇ ಡಬ್ಬ ಇಟ್ಟ. ಆಡಳಿತ ಮಂಡಳಿ ನಿಮ್ಮನ್ನು ತೆಗೆದಿದೆ ಎಂದ. ಬೆಪ್ಪುತಕ್ಕಡಿ ನಾನು, ನಂಬಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. "ಅವರಿಗೆ ಏನು ಹೇಳ್ಲಿ?" ಎಂದು ಅಷ್ಟು ಮಕ್ಕಳೆದುರು ಅತ್ತುಬಿಟ್ಟೆ. ಆ ಮಾತು ಕ್ಯಾಂಟೀನಿನಲ್ಲಿ ತಿಂಗಳುಗಟ್ಟಲೆ ಓಡಾಡಿತು. ಕಾಫಿ ಖಾಲಿಯಾದರೂ "ಅವರಿಗೆ ಏನು ಹೇಳ್ಲಿ?"

"ಎಷ್ಟು ಸಹಜವಾಗಿತ್ತು ಮೇಡಂ!" ಎಂದಿದ್ದ ಅವನು. ನನ್ನ ಮೈಯೆಲ್ಲ ಉರಿದುಹೋಗಿತ್ತು.

ಈ ವರ್ಷ ನಾನು ವಿಭಾಗದ ಮುಖ್ಯಸ್ಥೆ. ಅವನದು ಇನ್ನೂ ತಾತ್ಕಾಲಿಕ ಕೆಲಸ. ಈ ಸಲ ಕಾಯಂ ಆಗಬೇಕು, ಇಲ್ಲವೇ ಮನೆಗೆ. ಮನೆಯಾದರೂ ಕಾಲೇಜಿನದೇ. ಹೆಂಡತಿ ತುಂಬು ಬಸುರಿ. ದಿನವೂ ನನ್ನ ಕೋಣೆಯ ಬಾಗಿಲಲ್ಲಿ ಇಣುಕುತ್ತಿದ್ದ: "ಏನಾದ್ರೂ ಗೊತ್ತಾಯ್ತಾ ಮೇಡಂ?"

ಗೊತ್ತಾಯಿತು. ಆಡಳಿತ ಮಂಡಳಿಯವರು ಬೇಡ ಎಂದಿದ್ದರು. ಆ ತೀರ್ಮಾನ ನನ್ನದಲ್ಲ. ಎಲ್ಲಿ ಹೇಳಬೇಕು ಎನ್ನುವುದು ಮಾತ್ರ ನನ್ನ ಕೈಯಲ್ಲಿತ್ತು. ಬಾಗಿಲು ಮುಚ್ಚಿ, ಕೂರಿಸಿ, ನೀರು ಕೊಟ್ಟು ಹೇಳಬಹುದಿತ್ತು. ನಾನು ಸ್ಟೋರ್ ರೂಮಿನಿಂದ ಒಂದು ಖಾಲಿ ಡಬ್ಬ ತೆಗೆದುಕೊಂಡು ಅವನ ತರಗತಿಗೆ ಹೋದೆ.

ಡಬ್ಬ ನೋಡಿದ್ದೇ ತಡ, ಹುಡುಗರು ಪೆನ್ನು ತೆಗೆದರು. ಅವನೂ ನಕ್ಕ. "ಇವತ್ತು ಯಾರ ಸರದಿ ಮೇಡಂ?"

"ನಿಮ್ಮದೇ. ಕಾಯಂ ಆಗ್ಲಿಲ್ಲ. ಇವತ್ತೇ ಕೊನೆ ದಿನ. ಕಾರ್ಡ್ ಕೊಡಿ."

ನನ್ನ ಮುಖ ನೋಡುತ್ತಲೇ ಇದ್ದ. ನಗು ಒಂದೇ ಸಲಕ್ಕೆ ಹೋಗಲಿಲ್ಲ, ತುಟಿಯ ಒಂದು ಕಡೆ ಉಳಿದಿತ್ತು. ಆಮೇಲೆ ಮಕ್ಕಳ ಕಡೆ ತಿರುಗಿದ.

"ಇದು ಪಾಠ ಅಲ್ಲ ಕಣ್ರೋ. ನಿಜ. ಆಣೆಗೂ ನಿಜ."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಮುಂದಿನ ಸಾಲಿನ ಹುಡುಗಿಯೊಬ್ಬಳಿಗೆ ಏನನ್ನಿಸಿತೋ, ಅರ್ಧ ಎದ್ದಳು. ಪಕ್ಕದವಳು ಅವಳ ತೋಳು ಜಗ್ಗಿದಳು. "ಕೂತ್ಕೊಳೇ, ಸೊನ್ನೆ ಬೀಳುತ್ತೆ."

"ಮೇಡಂ, ನೀವಾದ್ರೂ ಹೇಳಿ ಇವರಿಗೆ" ಎಂದ ಅವನು.

ನಾನು ಹೇಳಿದೆ. "ಕೈ ನೋಡಿ. ಬರ್ಕೊಳ್ಳಿ."

ಅವನು ಪುಸ್ತಕ ಡಬ್ಬಕ್ಕೆ ಹಾಕಿದ, ನೀರಿನ ಬಾಟಲಿ ಹಾಕಿದ, ಕಾಲೇಜಿನ ಡಸ್ಟರನ್ನೂ ಹಾಕಿ ಮತ್ತೆ ತೆಗೆದಿಟ್ಟ. ಕಾರ್ಡ್ ಬಿಚ್ಚಿ ನನ್ನ ಕೈಗೆ ಕೊಡುವಾಗ ಮೆಲ್ಲಗೆ ಅಂದ: "ಅವಳಿಗೆ ಏನು ಹೇಳ್ಲಿ?"

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. "ಸರ್, ಅದು ಮೇಡಂ ಡೈಲಾಗು!"

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಳ್ಳೇಕೆ, ನನಗೂ ನಗು ಬಂತು.

ಅವನು ಡಬ್ಬ ಎತ್ತಿಕೊಂಡು ಹೊರಗೆ ಹೋದ. ಮಕ್ಕಳು ಬರೆದು ಮುಗಿಸಿ, ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡು ಬಾಗಿಲನ್ನೇ ನೋಡುತ್ತ ಕೂತರು.

"ಮೇಡಂ, ಸರ್‌ನ ಒಳಗೆ ಕರೀರಿ" ಎಂದಳು ಮುಂದಿನ ಸಾಲಿನ ಹುಡುಗಿ.

ಕಿಟಕಿಯಿಂದ ನನಗೆ ಕಾಣುತ್ತಿತ್ತು. ಡಬ್ಬ ಹೊತ್ತುಕೊಂಡು ಅವನು ಗೇಟಿನ ತನಕ ಹೋಗಿದ್ದ. ನಾನು ಹಾಜರಿ ಕೂಗಲು ಶುರು ಮಾಡಿದೆ.