ಮನುಷ್ಯನ ಮೆಟ್ಟಿಲು

ಮಂಗಳೂರಿನ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿದೆ. ಚಾರ್ಟು, ಮಾದರಿ, ಬಾಟಲಿಯೊಳಗಿನ ಕಪ್ಪೆ, ಯಾವುದನ್ನು ಯಾರು ಮಾಡಿದರೂ ಕೆಳಗೆ ವಿಭಾಗದ ಮುಖ್ಯಸ್ಥರದ್ದೇ ಹೆಸರು. ನಾನು ನಾಲ್ಕು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಮುಖ್ಯಸ್ಥರು ಸಹಿ ಹಾಕಿದರೆ ಕೆಲಸ, ಇಲ್ಲದಿದ್ದರೆ ಮನೆ.

ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ಮುಖ್ಯಸ್ಥರಾದ ಕೃಷ್ಣರಾಜ ಸರ್ ತೊಕ್ಕೊಟ್ಟಿನಲ್ಲಿ ಫ್ಲೆಕ್ಸ್ ಮಾಡಿಸಿದ್ದರು. ಏಳು ಮೆಟ್ಟಿಲು. ಬುಡದಲ್ಲಿ ಬ್ಯಾಕ್ಟೀರಿಯಾ, ಆಮೇಲೆ ಈರುಳ್ಳಿ, ಮಿಡತೆ, ಮೀನು, ಕಪ್ಪೆ, ಹಕ್ಕಿ. ತುತ್ತತುದಿಯಲ್ಲಿ ಕೈಕಟ್ಟಿ ನಿಂತ ಮನುಷ್ಯ. ಪ್ರತಿ ಜೀವಿಯ ಜೀನೋಮ್ ಎಷ್ಟು ದೊಡ್ಡದು, ಅಂದರೆ ಅದರ ಡಿಎನ್ಎಯಲ್ಲಿ ಎಷ್ಟು ಅಕ್ಷರಗಳಿವೆ ಎಂದು ಬರೆಯುವ ಕೆಲಸ ನನ್ನದು.

ಇದ್ದದ್ದನ್ನೇ ಬರೆದೆ. ಮನುಷ್ಯ, ಸುಮಾರು ಮುನ್ನೂರು ಕೋಟಿ. ಈರುಳ್ಳಿ, ಸಾವಿರದ ಆರುನೂರು ಕೋಟಿ. ಫ್ಲೆಕ್ಸಿನಲ್ಲಿದ್ದ ಮೀನು ಶ್ವಾಸಕೋಶವಿರುವ ಆಫ್ರಿಕಾದ್ದು, ಅದಕ್ಕೆ ನಾಲ್ಕು ಸಾವಿರ ಕೋಟಿ.

ಬೆಳಿಗ್ಗೆ ಸರ್ ಅದನ್ನು ನೋಡಿ ಕೆಂಡವಾದರು.

"ಎಂತ ಇದು ಗ್ರೀಷ್ಮಾ? ಈರುಳ್ಳಿ ನಮಗಿಂತ ದೊಡ್ಡದಾ?"

"ಡಿಎನ್ಎಯಲ್ಲಿ ಹೌದು ಸರ್. ಹೆಚ್ಚಿನದ್ದು ಕೆಲವೇ ತುಂಡುಗಳ ನಕಲುಗಳು. ಗಾತ್ರ ನೋಡಿ ಯಾರು ಮೇಲೆ, ಯಾರು ಕೆಳಗೆ ಅಂತ ಹೇಳ್ಲಿಕ್ಕೆ ಆಗುದಿಲ್ಲ."

"ಹಾಗಾದ್ರೆ ಆ ಸಂಖ್ಯೆ ತೆಗೀರಿ. ಹತ್ತು ಗಂಟೆಗೆ ಸುರತ್ಕಲ್‌ನ ಶಾಲೆ ಮಕ್ಕಳು ಬರ್ತಾರೆ. ಜೂನ್ ಹತ್ತಿರ ಉಂಟು, ನೆನಪಿರ್ಲಿ."

ನೆನಪಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು. ಆ ಜೂನ್‌ಗೆ ಹೆದರಿ ನಾಲ್ಕು ವರ್ಷ ಹೂಂಗುಟ್ಟಿದ್ದು ಸಾಕಾಗಿತ್ತು. ಸಂಖ್ಯೆಗಳನ್ನು ಉಳಿಸಿಕೊಂಡು ಮೆಟ್ಟಿಲುಗಳನ್ನು ಕತ್ತರಿಸಿ ಬಿಸಾಡಿದೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಮರ ಬರೆದು, ಒಂದೇ ಬುಡದಿಂದ ಕವಲೊಡೆದ ಏಳು ಕೊಂಬೆಗಳ ತುದಿಗೆ ಏಳೂ ಜೀವಿಗಳನ್ನು ಅಂಟಿಸಿದೆ. ತುದಿಗಳೆಲ್ಲ ಒಂದೇ ಎತ್ತರದಲ್ಲಿದ್ದವು. ಇವತ್ತು ಬದುಕಿರುವವರೆಲ್ಲ ಅಷ್ಟೇ ದೂರ ನಡೆದು ಬಂದವರು.

ಸರ್ ಹಲಗೆಯುದ್ದಕ್ಕೂ ಹುಡುಕಿದರು. "ಮನುಷ್ಯ ಎಲ್ಲಿ ಮಾರಾಯ್ತಿ?"

"ಹಕ್ಕಿಯ ಪಕ್ಕದಲ್ಲಿ ಸರ್. ಈ ಏಳರಲ್ಲಿ ನಮಗೆ ಹತ್ತಿರದ ಸಂಬಂಧ ಅದೇ."

"ಈ ಹುಚ್ಚಾಟದ ಕೆಳಗೆ ನನ್ನ ಹೆಸರು ಇರ್ಲಿಕ್ಕೆ ನಾನು ಬಿಡುದಿಲ್ಲ."

"ಆಯ್ತು ಸರ್."

ಫ್ಲೆಕ್ಸಿನ ಅಂಚಿನಲ್ಲಿ ಉಳಿದಿದ್ದ ಅವರ ಹೆಸರನ್ನು ನೀಟಾಗಿ ಕತ್ತರಿಸಿ ಅವರ ಕೈಗೇ ಕೊಟ್ಟೆ. ಹೊರಗೆ ಮಕ್ಕಳ ಬಸ್ಸು ಬಂದು ನಿಂತಿತು. ಸೀಮೆಸುಣ್ಣ ಎತ್ತಿಕೊಂಡು ಮರದ ಬುಡದಲ್ಲಿ, ಕೊನೆಯ ಬೆಂಚಿಗೂ ಕಾಣುವಷ್ಟು ದಪ್ಪಗೆ ಬರೆದೆ: ತಯಾರಿಸಿದವರು, ಗ್ರೀಷ್ಮಾ ಶೆಟ್ಟಿ.